ಲೆಫ್ಟ್ ಜಾಯಿನ್‌ಗೆ ಮೊದಲು ಒಂದು ಆಂಟಿ ಜಾಯಿನ್
ಡೇಟಾ ವಿಶ್ಲೇಷಣೆಗೆ ಬಳಸುವ ಆರ್ ಭಾಷೆಯಲ್ಲಿ ಡಿಪ್ಲೈಆರ್ (dplyr) ಪ್ಯಾಕೇಜ್ ಬಳಸಿ ಲೆಫ್ಟ್ ಜಾಯಿನ್ ಮಾಡುವ ಮೊದಲು, ಅಂದರೆ ಎಡಗಡೆ ಟೇಬಲ್‌ನ ಎಲ್ಲ ಸಾಲು ಉಳಿಸಿಕೊಂಡು ಬಲಗಡೆ ಟೇಬಲ್‌ನ ಮಾಹಿತಿ ಜೋಡಿಸುವ ಮೊದಲು, ಅದೇ ಟೇಬಲ್, ಅದೇ ಕಾಲಂ ಕೊಟ್ಟು ಒಮ್ಮೆ ಆಂಟಿ ಜಾಯಿನ್ ಓಡಿಸಿ. ಎಡಗಡೆ ಟೇಬಲ್‌ನಲ್ಲಿ ಜೋಡಿ ಸಿಗದ ಸಾಲುಗಳಷ್ಟೇ ಬರುತ್ತವೆ. ಲೆಫ್ಟ್ ಜಾಯಿನ್ ಅಂಥ ಸಾಲಿಗೆ ಸುಮ್ನೆ ಎನ್‌ಎ (ಮಾಹಿತಿ ಇಲ್ಲ ಎಂಬ ಗುರುತು) ತುಂಬಿ ಮುಂದೆ ಹೋಗುತ್ತದೆ, ಎರರ್ ಕೊಡುವುದಿಲ್ಲ. ಎಡಗಡೆ ಈಗಿನ ಜಿಲ್ಲೆಗಳ ಪಟ್ಟಿ, ಬಲಗಡೆ 2011ರ ಜನಗಣತಿ ಅಂದುಕೊಳ್ಳಿ. ‘ಬೆಳಗಾವಿ’, ‘ಕಲಬುರಗಿ’ ತಕ್ಷಣ ಸಿಕ್ಕಿಬೀಳುತ್ತವೆ, ಜನಗಣತಿಯಲ್ಲಿ ‘ಬೆಳಗಾಂ’, ‘ಗುಲ್ಬರ್ಗಾ’ ಅಂತಿದೆ. ಕೊನೆಯಲ್ಲಿ ಸ್ಪೇಸ್ ಉಳಿದ ಹೆಸರೂ ಅಷ್ಟೇ (ನೋಡಲು ಸರಿಯಾಗೇ ಕಾಣುತ್ತದೆ, ಅದೇ ತಲೆನೋವು). ‘ವಿಜಯನಗರ’ ಬಂದರೆ ಮಾತ್ರ ಹೆಸರು ತಿದ್ದಿ ಪ್ರಯೋಜನವಿಲ್ಲ, ಆ ಜಿಲ್ಲೆ ಆಗಿದ್ದೇ 2021ರಲ್ಲಿ. ಬಲಗಡೆ ಒಂದೇ ಜಿಲ್ಲೆ ಎರಡು ಸಲ ಇದ್ದರೆ ಈ ಉಪಾಯಕ್ಕೆ ಗೊತ್ತಾಗುವುದಿಲ್ಲ. ಜಾಯಿನ್ ಆದ ಮೇಲೆ ಸಾಲುಗಳು ಜಾಸ್ತಿಯಾಗಿರುತ್ತವೆ. ಅದಕ್ಕೆ ಬಲಗಡೆ ಟೇಬಲ್‌ಗೆ ಬೇರೆಯಾಗಿ ಕೌಂಟ್ ಹಾಕಿ, ಪ್ರತಿ ಹೆಸರು ಎಷ್ಟು ಸಲ ಇದೆ ಅಂತ ನೋಡಬೇಕು.