ಚಳಿಯಲ್ಲಿ ಬ್ಯಾಟರಿಯನ್ನು ಬೆಚ್ಚಗಿಟ್ಟ ಬಗೆ: ನನ್ನ ಅನುಭವ

ನನ್ನ ವಾಹನದ ಬ್ಯಾಟರಿ ಪ್ಯಾಕಿಗೆ 60 ವ್ಯಾಟಿನ ಹೀಟರ್ ಕೂರಿಸಿದ್ದೇನೆ. ಅಷ್ಟು ಶಾಖಕ್ಕೆ ಮೂವತ್ತು ಕಿಲೋ ಮೀರಿದ ಪ್ಯಾಕ್ ಬಿಸಿಯಾಗುವುದುಂಟೇ ಎಂದು ಕೇಳಿದವರೆಲ್ಲ ಈ ಕೆಲಸ ಬಲ್ಲವರೇ. ಎರಡು ಚಳಿಗಾಲ ನಾನು ಮಾಡಿಕೊಂಡ ನಷ್ಟವನ್ನು ಕಣ್ಣಾರೆ ಕಂಡಿದ್ದರಿಂದ ಅವರ ಅನುಮಾನ ಅಕಾರಣವೂ ಆಗಿರಲಿಲ್ಲ. ಈಗ ಮೂರನೆಯ ಚಳಿಗಾಲ ಮುಗಿದಿದ್ದು, ಒಂದು ರಾತ್ರಿಯೂ ತಣ್ಣಗಿನ ಸೆಲ್‌ಗೆ ಚಾರ್ಜ್ ಹೋಗಿಲ್ಲ.

ನನ್ನದು 16 ಸೆಲ್‌ಗಳ, 100 ಆಂಪಿಯರ್-ಅವರ್‌ನ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಪ್ಯಾಕ್. ಮೊದಲ ವರ್ಷದ ಅಗ್ಗದ ಬಿಎಂಎಸ್‌ನಲ್ಲಿ (ಬ್ಯಾಟರಿಯನ್ನು ನಿಯಂತ್ರಿಸಿ ಕಾಪಾಡುವ ಸರ್ಕ್ಯೂಟಿನಲ್ಲಿ) ಚಳಿಗೆ ಚಾರ್ಜ್ ತಡೆಯುವ ಏರ್ಪಾಡೇ ಇರಲಿಲ್ಲ; ಸೊನ್ನೆಗಿಂತ ಕೆಳಗಿನ ರಾತ್ರಿಗಳಲ್ಲೂ ಎಂದಿನಂತೆ ಚಾರ್ಜ್ ಮಾಡಿದೆ. ಅಂಥ ಚಳಿಯಲ್ಲಿ ಚಾರ್ಜ್ ಮಾಡಿದರೆ ಲಿಥಿಯಂ ಆನೋಡಿನ (ಸೆಲ್‌ನ ಋಣ ವಿದ್ಯುದ್ವಾರದ) ಒಳಗೆ ಸೇರದೆ ಅದರ ಮೇಲೆ ಲೋಹವಾಗಿ ಕೂರುತ್ತದೆ. ಹಾಗೆ ಕೂತದ್ದು ಪೂರ್ತಿ ಮರಳುವುದಿಲ್ಲವಾದ್ದರಿಂದ, ಬೇಸಿಗೆಯಲ್ಲಿ ಅಳೆದಾಗ 80 ಆಂಪಿಯರ್-ಅವರ್ ಆಸುಪಾಸು ಮಾತ್ರ ಉಳಿದಿತ್ತು. ಎರಡನೆಯ ವರ್ಷ ಬಿಸಿ ಮಾಡುವ 300 ವ್ಯಾಟಿನ ಪ್ಯಾಡನ್ನು ಸೆಲ್‌ಗಳ ತಳಕ್ಕೇ ಅಂಟಿಸಿ, ತಾಪ ಅಳೆಯುವ ಸೆನ್ಸರನ್ನು ಮೇಲೆ ಇಟ್ಟೆ. ಮೇಲೆ 5 ಡಿಗ್ರಿ ತೋರಿಸುತ್ತಿದ್ದಾಗಲೇ ತಳ 80 ದಾಟಿತ್ತು. ಎರಡು ಸೆಲ್ ಉಬ್ಬಿದವು. ಹೊಂದಿಕೆಯಾಗುವ ಬಿಡಿ ಸೆಲ್ ಸಿಗದೆ ಇಡೀ ಗುಂಪನ್ನೇ ಹೊಸದಾಗಿ ಕೊಳ್ಳಬೇಕಾಯಿತು. ಅದಕ್ಕೆ ಸುರಿದ ಹಣದಲ್ಲಿ ಈಗಿನ ವ್ಯವಸ್ಥೆಯನ್ನು ಹತ್ತು ಬಾರಿಯಾದರೂ ಕಟ್ಟಬಹುದಿತ್ತು.

ಆಮೇಲೆ ನನಗೆ ಮನವರಿಕೆಯಾದದ್ದು, ಶಾಖ ಹುಟ್ಟಿಸುವುದಕ್ಕಿಂತ ಸೋರದಂತೆ ತಡೆಯುವುದೇ ದೊಡ್ಡ ಕೆಲಸ ಎಂಬುದು. ಸೆಲ್ ಸಾಲುಗಳ ನಡುವೆ ವಿದ್ಯುತ್ ನಿರೋಧಕ ಹಾಳೆ ಸುತ್ತಿದ 3 ಮಿಲಿಮೀಟರ್ ಅಲ್ಯೂಮಿನಿಯಂ ತಗಡನ್ನು ಇಳಿಸಿ, 30 ವ್ಯಾಟಿನ ಎರಡು ಪ್ಯಾಡ್‌ಗಳನ್ನು ಸೆಲ್‌ಗೆ ತಾಗಿಸದೆ ತಗಡಿಗೇ ಅಂಟಿಸಿದೆ. ಆರೂ ಬದಿಗೆ 30 ಮಿಲಿಮೀಟರ್ ಫೋಮ್ ಹೊದಿಸಿದೆ. ಒಳಗೂ ಹೊರಗೂ 20 ಡಿಗ್ರಿ ಅಂತರವಿದ್ದಾಗ ಈ ಪೆಟ್ಟಿಗೆಯಿಂದ ಸೋರುವುದು ಸುಮಾರು 25 ವ್ಯಾಟ್ ಅಷ್ಟೇ. ಹಾಗಾಗಿ ಮೈನಸ್ 5ರಿಂದ 10 ಡಿಗ್ರಿಗೆ ಏರಲು ಮೂರು, ಮೂರೂವರೆ ಗಂಟೆ ಸಾಕಾಗುತ್ತದೆ. ಹೀಟರಿಗೆ ವಿದ್ಯುತ್ತು ಪ್ಯಾಕಿನಿಂದಲ್ಲ, ಗೋಡೆಯ ಸಾಕೆಟ್ಟಿನಿಂದಲೇ ಬರುತ್ತದೆ. ಥರ್ಮೋಸ್ಟಾಟ್ ಅದನ್ನು 8 ಡಿಗ್ರಿಗೆ ಹತ್ತಿಸಿ 15ಕ್ಕೆ ಆರಿಸುತ್ತದೆ. ಹೀಟರನ್ನು ಹತ್ತಿಸಿ ಆರಿಸುವ ರಿಲೇಯ ಕಾಂಟ್ಯಾಕ್ಟ್ ಬೆಸೆದುಕೊಂಡು ಹೀಟರ್ ಆರದೇ ಹೋದರೆ ರಕ್ಷಣೆಗೆ, ಸರಣಿಯಲ್ಲಿ ಥರ್ಮಲ್ ಫ್ಯೂಸ್ (ಮಿತಿಮೀರಿ ಬಿಸಿಯಾದರೆ ವಿದ್ಯುತ್ತು ಕಡಿಯುವ ಫ್ಯೂಸ್) ಬೇಕೇಬೇಕು. ಇದರಲ್ಲಿ ಉಳಿತಾಯ ಸಲ್ಲದು. ಸೆನ್ಸರನ್ನು ಕೂರಿಸಿದ ಜಾಗವನ್ನೂ ಹೀಟರ್ ಶುರುವಾಗುವ ಹೊತ್ತಿನ ಲೆಕ್ಕವನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಮೇಣ ಕರಗುವಾಗ ಶಾಖ ಹೀರಿ, ಗಟ್ಟಿಯಾಗುವಾಗ ಅದನ್ನು ಬಿಡುತ್ತದೆಂದು ನಡುವೆ ಮೇಣದ ಪ್ರಯೋಗವನ್ನೂ ಮಾಡಿದೆ. ಮೇಣದಬತ್ತಿಯ ಮೇಣ 50 ಡಿಗ್ರಿ ದಾಟಿದ ಮೇಲೆ ಕರಗುವುದರಿಂದ ತೂಕ ಹೆಚ್ಚಿತೇ ಹೊರತು ಫಲ ಸಿಗಲಿಲ್ಲ. 18 ಡಿಗ್ರಿಗೆ ಕರಗುವ ಹೆಕ್ಸಾಡೆಕೇನ್ (ಮೇಣದ ಜಾತಿಯದೇ ರಾಸಾಯನಿಕ) ಚೀಲಗಳು ಬಿಸಿಯನ್ನು ಎರಡು ಗಂಟೆ ಹೆಚ್ಚು ಹಿಡಿದವು. ಆದರೆ ಅದು ಫೋಮಿಗಿಂತ ಎಷ್ಟೋ ದುಬಾರಿ, ಹೊತ್ತಿಕೊಳ್ಳುವ ವಸ್ತು, ಮೇಲಾಗಿ ಹೊಲಿಗೆಯಲ್ಲಿ ಜಿನುಗಿತು. ಅಲ್ಲಿಗೇ ಬಿಟ್ಟೆ.

ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿದ್ದು ಇನ್ನೊಂದು ತಪ್ಪು. ಒಳಗೇ ಹನಿಗಟ್ಟಿ ಟರ್ಮಿನಲ್‌ಗಳು ಹಸಿರುಗಟ್ಟಿದವು. ತಳದಲ್ಲಿ ಎರಡು ಸಣ್ಣ ರಂಧ್ರ ಕೊರೆದ ಮೇಲೆ ಅದು ನಿಂತಿತು. ಬೇಸಿಗೆ ಬಂದೊಡನೆ ಮೇಲಿನ ಮತ್ತು ಪಕ್ಕದ ಫೋಮನ್ನು ಬಿಚ್ಚಿಡುತ್ತೇನೆ. ಇಲ್ಲದಿದ್ದರೆ ಓಡಾಟದಲ್ಲಿ ಬಿಸಿಯಾದ ಪ್ಯಾಕ್ ರಾತ್ರಿಯಿಡೀ ಬಿಸಿಯಾಗಿಯೇ ಇರುತ್ತದೆ.