ಕೃತಕ ಕಾಲು ಬರುವ ಮೊದಲಿನ ದಿನಗಳು: ಮಾಜಿ ಸೈನಿಕನೊಬ್ಬನ ಅನುಭವ

1999ರ ಜೂನ್ ತಿಂಗಳಲ್ಲಿ, ಕಾರ್ಗಿಲ್ ಯುದ್ಧದ ಹೊತ್ತಿಗೆ, ದ್ರಾಸ್ ವಲಯದಲ್ಲಿ ಶೆಲ್ ಚೂರುಗಳು ತಗುಲಿ ನನ್ನ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಆ ಕಥೆಯನ್ನು ಆಗಸ್ಟ್ 15ರಂದು ಶಾಲೆಗಳಲ್ಲಿ ಹೇಳಿಸುತ್ತಾರೆ, ಹೇಳುತ್ತೇನೆ. ಇಲ್ಲಿ ಬರೆಯುತ್ತಿರುವುದು ಅದನ್ನಲ್ಲ. ಸೇನೆಯಿಂದ ಬಿಡುಗಡೆಯಾಗಿ ಬೆಳಗಾವಿ ಜಿಲ್ಲೆಯ ನಮ್ಮೂರಿಗೆ ಬಂದ ಮೇಲೆ, ಸುತ್ತಲಿನ ಹಳ್ಳಿಗಳಲ್ಲಿ ಯಾರಾದರೂ ಕಾಲು ಕಳೆದುಕೊಂಡ ಸುದ್ದಿ ತಿಳಿದರೆ, ಅವರು ಆಸ್ಪತ್ರೆಯಿಂದ ಮರಳಿದ ಕೆಲವೇ ದಿನಗಳಲ್ಲಿ ಅವರ ಮನೆಗೆ ಹೋಗಿ ಕೂರುವುದು ನನ್ನ ರೂಢಿಯಾಗಿದೆ. ಅವರಲ್ಲಿ ಸೈನಿಕರು ಕಡಿಮೆ. ಸಕ್ಕರೆ ಕಾಯಿಲೆಯ ಹುಣ್ಣು ಮಾಯದೆ ಕಾಲು ತೆಗೆಸಿಕೊಂಡವರು, ಕಬ್ಬಿನ ಟ್ರೇಲರಿನಡಿ ಸಿಕ್ಕವರು, ಬೈಕಿನಿಂದ ಬಿದ್ದ ಹುಡುಗರು, ಇವರೇ ಹೆಚ್ಚು.

ಈ ಕೆಲಸವನ್ನು ನಾನು ಕಲಿತದ್ದು ಪುಣೆಯ ಸೇನಾ ಕೃತಕ ಅಂಗ ಕೇಂದ್ರದಲ್ಲಿ. 1944ರಲ್ಲಿ ಆರಂಭವಾದ ಆ ಕೇಂದ್ರದ ವಾರ್ಡಿನಲ್ಲಿ ಎಲ್ಲರೂ ನನ್ನಂಥವರೇ ಇದ್ದುದರಿಂದ, ನನಗಿಂತ ಮೊದಲು ಬಂದು ನಡೆಯಲು ಕಲಿತಿದ್ದವರು ಬ್ಯಾಂಡೇಜ್ ಸುತ್ತುವುದರಿಂದ ಹಿಡಿದು ಬಚ್ಚಲಿಗೆ ಹೋಗುವುದರವರೆಗೆ ಎಲ್ಲವನ್ನೂ ಕೈಹಿಡಿದು ತೋರಿಸಿದರು. ಹಳ್ಳಿಯಲ್ಲಿ ಕಾಲು ಕಳೆದುಕೊಂಡವನಿಗೆ ಇಲ್ಲದಿರುವುದು ಇದೇ. ಕಾಲು ಕೊಡುವವರು ಇದ್ದಾರೆ. 1968ರಲ್ಲಿ ರೂಪುಗೊಂಡ ‘ಜೈಪುರ ಕಾಲು’ ಎಂಬ ಕೃತಕ ಕಾಲನ್ನು ಶಿಬಿರಗಳಲ್ಲಿ ಉಚಿತವಾಗಿ ಕೊಡುವುದುಂಟು. ಆದರೆ ಹಾಗೆ ಬಂದ ಕಾಲು ಅಟ್ಟ ಸೇರಿರುವುದನ್ನೂ ಹಲವು ಮನೆಗಳಲ್ಲಿ ಕಂಡಿದ್ದೇನೆ. ಶಸ್ತ್ರಚಿಕಿತ್ಸೆಯ ನಂತರದ ವಾರಗಳಲ್ಲಿ ಮೊಣಕಾಲು ಮಡಚಿದಂತೆಯೇ ಬಿಗಿದುಕೊಂಡು, ಮೋಟುಗಾಲು ಊದಿಕೊಂಡಿದ್ದರೆ, ಸಾಕೆಟ್ (ಕೃತಕ ಕಾಲಿನಲ್ಲಿ ಮೋಟುಗಾಲು ಕೂರುವ ಬಟ್ಟಲಿನಂಥ ಭಾಗ) ಎಷ್ಟೇ ಚೆನ್ನಾಗಿದ್ದರೂ ಅದರಲ್ಲಿ ನಿಲ್ಲಲಾಗುವುದಿಲ್ಲ.

ಆದ್ದರಿಂದ ಮನೆಯೊಳಗೆ ಹೋದಾಗ ನಾನು ಮೊದಲು ನೋಡುವುದು ದಿಂಬನ್ನು. ಹೆಚ್ಚಿನ ಮನೆಗಳಲ್ಲಿ ಅಕ್ಕರೆಯಿಂದ ಮೊಣಕಾಲಿನ ಕೆಳಗೆ ಮೆತ್ತನೆಯ ದಿಂಬು ಇಟ್ಟಿರುತ್ತಾರೆ. ಅದನ್ನು ತೆಗೆಸುವುದು ಸುಲಭವಲ್ಲ. "ತಗದ್ರ ಸೆಳೀತೈತ್ರೀ ಕಾಕಾ" ಎಂದು ಒಬ್ಬ ತಾಯಿ ನನ್ನ ಕೈ ಹಿಡಿದುಕೊಂಡರು. ನಾನು ಪ್ಯಾಂಟ್ ಮೇಲೇರಿಸಿ, ನನ್ನ ಕಾಲು ಕಳಚಿ, ಮೊಣಕಾಲು ಪೂರ್ತಿ ನೆಟ್ಟಗಾಗುವುದನ್ನು ತೋರಿಸಿದ ಮೇಲೆ ಅವರೇ ದಿಂಬನ್ನು ಪಕ್ಕಕ್ಕೆ ಸರಿಸಿದರು. ಇಂಥ ಹೊತ್ತಿನಲ್ಲಿ ಮಾತಿಗಿಂತ ಕಳಚಿಟ್ಟ ಕಾಲೇ ಹೆಚ್ಚು ಕೆಲಸ ಮಾಡುತ್ತದೆ. ಅನಂತರ ದಿನದಲ್ಲಿ ಆಗಾಗ ಸ್ವಲ್ಪ ಹೊತ್ತು ಬೋರಲಾಗಿ ಮಲಗಲು ಹೇಳುತ್ತೇನೆ. ಮೋಟುಗಾಲಿನ ಊತ ತಗ್ಗಿಸಲು ಸುತ್ತುವ ಕ್ರೇಪ್ ಬ್ಯಾಂಡೇಜನ್ನು ವೈದ್ಯರು ಒಪ್ಪಿದ ಮೇಲೆಯೇ ಮುಟ್ಟುತ್ತೇನೆ. ಅದನ್ನು ಬಳೆಯಂತೆ ಸುತ್ತಿದರೆ ರಕ್ತದ ಓಟ ಕಟ್ಟಿಕೊಳ್ಳುತ್ತದೆ. ಓರೆಯಾಗಿ, ಒಂದು ಪಟ್ಟಿ ಇನ್ನೊಂದನ್ನು ಹಾಯುವಂತೆ, ತುದಿಯಲ್ಲಿ ಬಿಗಿಯಾಗಿ, ಮೇಲೇರಿದಂತೆ ಸಡಿಲವಾಗಿ ಸುತ್ತಬೇಕು. ಸಕ್ಕರೆ ಕಾಯಿಲೆಯವರಿಗೆ ಸ್ಪರ್ಶಜ್ಞಾನ ಕಡಿಮೆ ಇರಬಹುದಾದ್ದರಿಂದ ಬಿಗಿಯಾಗಿದೆಯೇ ಎಂದು ಅವರನ್ನು ಕೇಳಿದರೆ ಸಾಲದು, ಬಿಚ್ಚಿ ಚರ್ಮದ ಬಣ್ಣ ನೋಡಬೇಕು. ಇದನ್ನು ಮನೆಯ ಒಬ್ಬರಿಗಾದರೂ ಕಲಿಸದೆ ನಾನು ಎದ್ದು ಬರುವುದಿಲ್ಲ.

ಇಲ್ಲದ ಪಾದ ಉರಿಯುತ್ತದೆ, ಇಲ್ಲದ ಬೆರಳು ತುರಿಸುತ್ತದೆ ಎಂಬುದನ್ನು ಹೆಚ್ಚಿನವರು ಹೆಂಡತಿಗೂ ಹೇಳಿರುವುದಿಲ್ಲ. ಬುದ್ಧಿ ಕೆಟ್ಟಿದೆ ಎಂದುಕೊಂಡಾರೆಂಬ ಭಯ ಅವರಿಗೆ. ತಾಯತ ಕಟ್ಟಿಸಿಕೊಂಡವರನ್ನೂ ನೋಡಿದ್ದೇನೆ. ನನಗೂ ಚಳಿಗಾಲದಲ್ಲಿ ಇಂದಿಗೂ ಹಾಗಾಗುತ್ತದೆ ಎಂದಾಗ ಅವರ ಮುಖ ಸಡಿಲವಾಗುತ್ತದೆ. ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ ಅವರು 1990ರ ದಶಕದಲ್ಲಿ ಕನ್ನಡಿಯನ್ನು ಬಳಸಿ ಈ ನೋವನ್ನು ತಗ್ಗಿಸುವ ವಿಧಾನವನ್ನು ರೂಪಿಸಿದರು. ಎರಡು ಕಾಲುಗಳ ನಡುವೆ ಕನ್ನಡಿ ನಿಲ್ಲಿಸಿ, ಇರುವ ಕಾಲಿನ ಪ್ರತಿಬಿಂಬವನ್ನು ನೋಡುತ್ತ ಪಾದ ಆಡಿಸಿದರೆ, ಕಳೆದುಹೋದ ಪಾದವೇ ಆಡಿದಂತೆ ಮಿದುಳಿಗೆ ತೋರುತ್ತದೆ. ಕೆಲವರಿಗೆ ಇದರಿಂದ ಆರಾಮ ಸಿಕ್ಕಿದೆ, ಕೆಲವರಿಗೆ ಏನೂ ಆಗಿಲ್ಲ. ಖರ್ಚಿಲ್ಲದ ಉಪಾಯವಾದ್ದರಿಂದ ಎಲ್ಲರಿಗೂ ತೋರಿಸುತ್ತೇನೆ.

ಕಾಲು ಬಂದ ಮೇಲಿನ ಪಾಠ ಚಿಕ್ಕದು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಕೃತಕ ಕಾಲು ಮೊದಲು. ಸಂಜೆ ಕಾಲು ಕಳಚಿ ಚರ್ಮವನ್ನು ನೋಡಿಕೊಳ್ಳಬೇಕು. ಕೆಂಪು ಗುರುತು ಸ್ವಲ್ಪ ಹೊತ್ತಿನಲ್ಲಿ ಮಾಸದಿದ್ದರೆ ಮರುದಿನ ಹಾಕಿಕೊಳ್ಳದೆ ಸಾಕೆಟ್ ಸರಿಪಡಿಸಿಕೊಳ್ಳಬೇಕು.

ಕಾಗದಪತ್ರಗಳಿಗೆ ಮಾತ್ರ ಹೆಚ್ಚು ಸಮಯ ಹೋಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಹೆಚ್ಚಿನ ಸೌಲಭ್ಯಗಳಿಗೆ ಶೇ. 40ರಷ್ಟಾದರೂ ಅಂಗವೈಕಲ್ಯದ ಪ್ರಮಾಣಪತ್ರ ಬೇಕು; ಮೊದಲು ಅದನ್ನೂ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡನ್ನೂ ಮಾಡಿಸುತ್ತೇನೆ. ಮಾಜಿ ಸೈನಿಕರ ವಿಷಯ ಬೇರೆ. ಅಂಗವೈಕಲ್ಯ ಪಿಂಚಣಿಯಲ್ಲಿ ಶೇ. 50ಕ್ಕಿಂತ ಕಡಿಮೆ ಇದ್ದದ್ದನ್ನು 50 ಎಂದು, 50ರಿಂದ 75ರವರೆಗಿನದನ್ನು 75 ಎಂದು, ಅದಕ್ಕಿಂತ ಹೆಚ್ಚಿನದನ್ನು 100 ಎಂದು ಪರಿಗಣಿಸುವ ನಿಯಮವಿದೆ. ಅಂಗವೈಕಲ್ಯದಿಂದಾಗಿ ಸೇವೆ ಬಿಡಬೇಕಾದವರಿಗಷ್ಟೇ ಅಲ್ಲ, ಸೇವಾವಧಿ ಮುಗಿಸಿ ನಿವೃತ್ತರಾದವರಿಗೂ ಇದು ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2014ರ ಡಿಸೆಂಬರ್‌ನಲ್ಲಿ ತೀರ್ಪು ನೀಡಿದ್ದರೂ, ಅದರ ಸುಳಿವೇ ಇಲ್ಲದ ಹಿರಿಯರು ನಮ್ಮ ಹಳ್ಳಿಗಳಲ್ಲಿದ್ದಾರೆ. ಟ್ರಂಕಿನಲ್ಲಿರುವ ಡಿಸ್ಚಾರ್ಜ್ ಬುಕ್ ಮತ್ತು ವೈದ್ಯಕೀಯ ಮಂಡಳಿಯ ಕಾಗದಗಳನ್ನು ತೆಗೆಸಿ, ಅವರೊಂದಿಗೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗುತ್ತೇನೆ.

ಮೊಣಕಾಲಿನ ಮೇಲೆ ಕಾಲು ಕಳೆದುಕೊಂಡವರ ಮನೆಗೆ ಮಾತ್ರ ನಾನೊಬ್ಬನೇ ಹೋಗುವುದಿಲ್ಲ. ಮೊಣಕಾಲಿನ ಕೀಲೂ ಕೃತಕವಾದಾಗ ನಡೆಯುವ, ಕೂರುವ, ಬಿದ್ದರೆ ಏಳುವ ರೀತಿಯೇ ಬದಲಾಗುತ್ತದೆ, ಅದು ನನ್ನ ಮೈಗೆ ಗೊತ್ತಿಲ್ಲ. ಪಕ್ಕದ ಊರಿನಲ್ಲಿ ಹಾಲಿನ ಡೇರಿ ನೋಡಿಕೊಳ್ಳುವ, ಅಂಥದೇ ಕಾಲಿನ ಒಬ್ಬ ಗೆಳೆಯನಿದ್ದಾನೆ. ಬೆಳಗಿನ ಹಾಲು ಅಳೆದು ಮುಗಿಸಿ ಅವನು ಬಂದ ಮೇಲೆ ಇಬ್ಬರೂ ಹೊರಡುತ್ತೇವೆ.