ಜ್ವರ ಇಲ್ಲ ಅಂತ ಸುಮ್ಮನಿರಬೇಡಿ

ನಮ್ಮತ್ತೆಗೆ 78. ಹೋದ ಆಷಾಢದಲ್ಲಿ ಒಂದು ಬೆಳಿಗ್ಗೆ ಕಾಫಿ ಬೇಡ ಅಂದರು. ಮಧ್ಯಾಹ್ನ ನನ್ನನ್ನು ತೀರಿಹೋದ ತಂಗಿಯ ಹೆಸರು ಹಿಡಿದು ಕರೆದರು. ಥರ್ಮಾಮೀಟರ್ ಇಟ್ಟರೆ 98.4. ಕೆಮ್ಮೂ ಅಷ್ಟಕ್ಕಷ್ಟೇ. ‘ವಯಸ್ಸಾಯ್ತಲ್ಲ’ ಅಂತ ಒಂದು ದಿನ ಕಳೆದೆವು. ಮರುದಿನ ಎಕ್ಸ್‌ರೇ ತೆಗೆಸಿದರೆ ನ್ಯುಮೋನಿಯಾ.

ವಯಸ್ಸಾದವರಿಗೆ ಇದು ಜ್ವರ, ಕಫ ಅಂತ ಸದ್ದು ಮಾಡಿಕೊಂಡೇ ಬರಬೇಕೆಂದಿಲ್ಲ. ಊಟ ಸೇರುವುದಿಲ್ಲ, ಮಾತು ಗೊಂದಲವಾಗುತ್ತದೆ, ಬಚ್ಚಲಿಗೆ ಹೋಗುವಾಗ ಬೀಳುತ್ತಾರೆ. ನಿನ್ನೆ ಇದ್ದ ಹಾಗೆ ಇವತ್ತಿಲ್ಲ ಅನ್ನಿಸಿದರೆ ಮೊದಲು ಉಸಿರು ಎಣಿಸಿ.

ಎಣಿಸುತ್ತಿದ್ದೀರಿ ಅಂತ ಅವರಿಗೆ ಗೊತ್ತಾಗಬಾರದು, ಗೊತ್ತಾದರೆ ಉಸಿರಿನ ಲಯ ಬದಲಾಗುತ್ತದೆ. ನಾನು ನಾಡಿ ನೋಡುವವಳ ಹಾಗೆ ಕೈ ಹಿಡಿದು, ಕಣ್ಣು ಮಾತ್ರ ಎದೆಯ ಮೇಲಿಟ್ಟು, ಗೋಡೆ ಗಡಿಯಾರದಲ್ಲಿ ಪೂರ್ತಿ ಒಂದು ನಿಮಿಷ ಎಣಿಸುತ್ತೇನೆ. ಸಾಮಾನ್ಯವಾಗಿ 12ರಿಂದ 20. 25ರ ಹತ್ತಿರ ಬಂದರೆ ಅವತ್ತೇ ಡಾಕ್ಟರು. 30 ಮುಟ್ಟಿದರೆ ನೇರ ಆಸ್ಪತ್ರೆ. ಅತ್ತೆಯದು 28 ಇತ್ತು.

ರಕ್ತದಲ್ಲಿ ಆಮ್ಲಜನಕ ಶೇಕಡಾ ಎಷ್ಟಿದೆ ಅಂತ ತೋರಿಸುವ, ಬೆರಳಿಗೆ ಹಾಕುವ ಆಕ್ಸಿಮೀಟರ್ ಇದ್ದರೆ ಕೈ ಉಜ್ಜಿ ಬೆಚ್ಚಗೆ ಮಾಡಿ ಹಾಕಿ. ಮಳೆಗಾಲದ ತಣ್ಣನೆ ಬೆರಳು ಸುಳ್ಳು ಹೇಳುತ್ತದೆ. 94ಕ್ಕಿಂತ ಕಡಿಮೆ ಇದ್ದರೆ ಡಾಕ್ಟರಿಗೆ ಫೋನ್ ಮಾಡಿ, 92 ಅಥವಾ ಕಡಿಮೆ ಇದ್ದರೆ ಹೊರಡಿ. ಹಳೇ ಶ್ವಾಸಕೋಶದ ಕಾಯಿಲೆ ಇರುವವರ ಲೆಕ್ಕ ಬೇರೆ, ಅದನ್ನು ಅವರ ಡಾಕ್ಟರ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ. ತುಟಿ ನೀಲಿಯಾದರೆ, ಒಂದು ಮಾತು ಪೂರ್ತಿ ಆಡಲು ಉಸಿರು ಸಾಲದಿದ್ದರೆ, ಎಬ್ಬಿಸಿದರೂ ಮಂಪರಿನಲ್ಲೇ ಇದ್ದರೆ ಯಾವ ಅಂಕಿಗೂ ಕಾಯಬೇಡಿ. 108ಕ್ಕೆ ಕರೆ ಮಾಡಿ.

ನಮ್ಮಿಂದ ಇನ್ನೊಂದು ತಪ್ಪಾಯಿತು. ಯಜಮಾನರ ಹಳೇ ಅಜಿತ್ರೊಮೈಸಿನ್ ಪಟ್ಟಿಯಲ್ಲಿ ಉಳಿದಿದ್ದ ಎರಡು ಮಾತ್ರೆ ಕೊಟ್ಟುಬಿಟ್ಟಿದ್ದೆವು. ಅರ್ಧಂಬರ್ಧ ಆಂಟಿಬಯಾಟಿಕ್ ಕೊಟ್ಟರೆ ಕಫದ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಸಿಗದೇ ಹೋಗಬಹುದು. ವೈರಸ್‌ನ ನೆಗಡಿಗಂತೂ ಅದು ದಂಡ. ಕೊಟ್ಟಿದ್ದರೆ ಮುಚ್ಚಿಡಬೇಡಿ. ಬಿಪಿ, ಶುಗರ್ ಮಾತ್ರೆಗಳ ಜೊತೆ ಆ ಪಟ್ಟಿಯನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ.

ಮನೆಗೆ ಬಂದ ಮೇಲೆ ಮಲಗಿಸಿಕೊಂಡು ಗಂಜಿ ಕುಡಿಸಬೇಡಿ. ಅದು ಶ್ವಾಸಕೋಶಕ್ಕೆ ಇಳಿದರೆ ಮತ್ತೆ ಇದೇ ಕತೆ. ನೇರ ಕೂರಿಸಿ, ತಿಂದ ಮೇಲೂ ಅರ್ಧ ಗಂಟೆ ಕೂತಿರಲಿ. ಹಲ್ಲಿನ ಸೆಟ್ಟು ರಾತ್ರಿ ತೆಗೆದು ತೊಳೆದಿಡಿ. ಸುಸ್ತು ವಾರಗಟ್ಟಲೆ ಇರುತ್ತದೆ, ಅದಕ್ಕೆ ಗಾಬರಿ ಬೇಡ. ಕೆಮ್ಮು ಎರಡು ವಾರ ದಾಟಿದರೆ ಮಾತ್ರ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ, ಟಿಬಿ ಇಲ್ಲ ಅಂತ ಖಾತ್ರಿಯಾಗಲಿ. ನ್ಯುಮೋನಿಯಾ ತರುವ ಒಂದು ಬ್ಯಾಕ್ಟೀರಿಯಾ ವಿರುದ್ಧದ ನ್ಯುಮೊಕಾಕಲ್ ಲಸಿಕೆ, ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಎರಡನ್ನೂ ಡಾಕ್ಟರ ಹತ್ತಿರ ಕೇಳಿ. ಅತ್ತೆ ‘ಈ ವಯಸ್ಸಿಗೆ ಇನ್ನೊಂದು ಸೂಜಿ ಬೇರೆ’ ಅಂತ ಗೊಣಗಿಕೊಂಡೇ ಎರಡನ್ನೂ ಹಾಕಿಸಿಕೊಂಡರು.